ಕಣದ ಕೆಳಗಿನ ತುದಿ

ನಮ್ಮವರು ಬೆಂಗಳೂರಿಗೆ ಹೋದರೆ ಬರಿಗೈಯಲ್ಲಿ ಬಂದವರಲ್ಲ. ಒಮ್ಮೆ ಪಂಪಿನ ಬಿಡಿಭಾಗ ತರಲು ಹೋದವರು ಎರಡು ಬಾತುಕೋಳಿ ತಂದರು. ಇನ್ನೊಮ್ಮೆ ಯಾವುದೋ ಹಳೇ ಬಂಗಲೆಯ ಹರಾಜಿನಲ್ಲಿ ಸಿಕ್ಕಿತೆಂದು ಮುಳ್ಳೇ ಇಲ್ಲದ ಗೋಡೆ ಗಡಿಯಾರ ಹೊತ್ತು ತಂದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ, ದೀಪಾವಳಿ ಕಳೆದ ವಾರ, ಸ್ಪೇನ್ ದೇಶದ ಒಬ್ಬ ಟೆನಿಸ್ ಆಟಗಾರನನ್ನು ತಂದರು.

ಜೀಪಿನ ಹಿಂದಿನ ಸೀಟಿನಲ್ಲಿ ಗೊಬ್ಬರದ ಮೂಟೆಗಳ ನಡುವೆ ಅವನು ಮಡಚಿಕೊಂಡು ಕೂತಿದ್ದ. ಇಳಿದು ನೆಟ್ಟಗೆ ನಿಂತಾಗ ಜಗಲಿಯ ಮಾಡು ತಲೆಗೆ ತಗಲುವಂತಿದ್ದ. ಕೈಯಲ್ಲಿ ನಾಲ್ಕು ರ‍್ಯಾಕೆಟ್ಟು, ಮುಖ ಬಿಳಿಚಿ ಹಿಟ್ಟಾಗಿತ್ತು. ನಮ್ಮವರು ಜೀಪಿನ ಬಾಗಿಲು ಹಾಕುತ್ತಲೇ ಕಥೆ ಹೇಳಿ ಮುಗಿಸಿದರು. ಬೆಂಗಳೂರಿನಲ್ಲಿ ದೇಶವಿದೇಶದ ಹುಡುಗರು ಆಡುವ ಪಂದ್ಯಾವಳಿ ನಡೆದಿತ್ತಂತೆ. ಇವನ ಆಟ ಚೆನ್ನಾಗಿತ್ತಂತೆ. ಆದರೆ ಹೊಟ್ಟೆ ಕೆಟ್ಟು ಮೂರು ಸಲ ಆಟದ ಮಧ್ಯೆ ಓಡಬೇಕಾಯಿತಂತೆ, ಸೋತನಂತೆ. ಮುಂದಿನ ಪಂದ್ಯ ಮದ್ರಾಸಿನಲ್ಲಿ ಇನ್ನು ಮೂರು ವಾರಕ್ಕೆ. ಅಲ್ಲಿಯವರೆಗೆ ಅವನಿಗೆ ಹೋಗಲು ಜಾಗವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನು ಕಾಫಿಗೆ ಕರೆದಷ್ಟು ಸಲೀಸಾಗಿ ಇವರು ಅವನನ್ನು ಮನೆಗೆ ಕರೆದಿದ್ದರು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಫಿ ಹಣ್ಣಾಗುವ ಕಾಲ, ಆಳುಗಳು ಬರುವ ಕಾಲ, ಅದರ ನಡುವೆ ಭಾಷೆ ಬಾರದ, ಹೊಟ್ಟೆ ಸರಿಯಿಲ್ಲದ ಆರಡಿಯ ಅತಿಥಿ. ಆಗ ನನಗೆ ಇಪ್ಪತ್ತಾರು. ಮೂಡಿಗೆರೆ ಮತ್ತು ಗೋಣಿಬೀಡಿನ ನಡುವಿನ ಈ ತೋಟಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಮೈಸೂರಿನಲ್ಲಿ ಬಿ.ಎ. ಓದುವಾಗ ಬಲೆಯಾಚೆ ರಬ್ಬರ್ ಬಳೆ ಎಸೆಯುವ ಟೆನಿಕಾಯ್ಟ್ ಆಡಿ ಕಪ್ ಗೆದ್ದವಳು ಎಂಬ ಕಾರಣಕ್ಕೆ, ಚೆಂಡಿಗೆ ಸಂಬಂಧಪಟ್ಟ ಎಲ್ಲ ಕೆಲಸಕ್ಕೂ ನಾನು ಒದಗುತ್ತೇನೆ ಎಂದು ನಮ್ಮವರು ಲೆಕ್ಕ ಹಾಕಿದ್ದರು.

ಅತ್ತೆ ಜಗಲಿಗೆ ಬಂದು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅಷ್ಟು ದೂರ ನೋಡಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ ನನ್ನ ಕಡೆ ತಿರುಗಿ ಗಂಜಿಗೆ ಅಕ್ಕಿ ಹಾಕಲು ಹೇಳಿದರು. ಮಾವ ಹೋದ ಮೇಲೆ ತೋಟ ನಡೆಸಿದವರು ಅವರು. ಮಾತು ಕಡಿಮೆ, ಆಡಿದರೆ ಕನ್ನಡದಲ್ಲೇ. ಎದುರಿಗಿದ್ದವರು ಯಾವ ದೇಶದವರಾದರೂ ಅವರಿಗೆ ಅದು ಅಡ್ಡಿಯಾಗಿರಲಿಲ್ಲ.

ನಾಲ್ಕು ದಿನ ಗಂಜಿ ಮತ್ತು ಮಜ್ಜಿಗೆ. ಐದನೆಯ ದಿನ ಅವನ ಮುಖಕ್ಕೆ ಬಣ್ಣ ಬಂತು. ಅವತ್ತು ಕಡುಬು, ಕೋಳಿ ಸಾರು. ಅವನು ಮೊದಲು ಕಲಿತ ಕನ್ನಡದ ಮಾತು ‘ಸಾಕು’. ಅದಕ್ಕೆ ನಮ್ಮ ಮನೆಯಲ್ಲಿ ಯಾವ ಬೆಲೆಯೂ ಇಲ್ಲವೆಂದು ಎರಡನೆಯ ಕಡುಬಿಗೆ ಕಲಿತ. ಆರನೆಯದಕ್ಕೆ ಬಾಳೆಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಅತ್ತೆ ಅವನ ಬೆರಳುಗಳ ಸಂದಿಯಲ್ಲೇ ಸಾರು ಬಿಟ್ಟರು.

ಅದೇ ಊಟದ ಹೊತ್ತಿಗೆ ಅವನ ಕಥೆ ಹೊರಗೆ ಬಂದದ್ದು. ಅವನ ಇಂಗ್ಲಿಷು ನಾಲ್ಕು ಮಾತಿನದು, ನನ್ನದು ಪುಸ್ತಕದ್ದು, ನಮ್ಮವರದು ಕ್ಲಬ್ಬಿನದು. ಮೂರೂ ಸೇರಿ ವಿಷಯ ಗೊತ್ತಾಯಿತು. ಅವನ ಊರು ಸಮುದ್ರದ ದಡದಲ್ಲಿ, ಅಪ್ಪನಿಗೆ ಶೂ ಅಂಗಡಿ. ಇಡೀ ವರ್ಷ ಊರೂರು, ದೇಶದೇಶ ತಿರುಗಿದ್ದಾನೆ. ಅರ್ಹತಾ ಸುತ್ತುಗಳಲ್ಲಿ ಗೆಲ್ಲುತ್ತಾನೆ, ಮುಖ್ಯ ಸುತ್ತಿಗೆ ಬಂದ ಕೂಡಲೇ ಸೋಲುತ್ತಾನೆ. ವರ್ಷ ಮುಗಿಯುವುದರೊಳಗೆ ಮುಖ್ಯ ಸುತ್ತಿನಲ್ಲಿ ಒಂದೇ ಒಂದು ಪಂದ್ಯ ಗೆದ್ದರೆ ಇನ್ನೂ ಆಡು, ಇಲ್ಲದಿದ್ದರೆ ಅಂಗಡಿಗೆ ಬಂದು ಕೂರು ಎಂದು ಅಪ್ಪ ಹೇಳಿ ಕಳಿಸಿದ್ದಾನೆ. ಆ ವರ್ಷದ ಕೊನೆಯ ಪಂದ್ಯಾವಳಿ ಮದ್ರಾಸಿನದು.

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಸಾರಿನ ಪಾತ್ರೆ ಕೆಳಗಿಟ್ಟರು.

“ಒಂದೂ ಗೆದ್ದಿಲ್ವಾ?”

“ಒಂದೂ ಇಲ್ಲ ಅತ್ತೆ.”

“ಹಾಗಾದ್ರೆ ಇಲ್ಲಿಂದ ಸುಮ್ನೆ ಕಳ್ಸೂದು ಸರಿಯಲ್ಲ,” ಎಂದರು.

ಕಳಿಸಬಾರದು ಸರಿ, ಆಡಿಸುವುದೆಲ್ಲಿ? ಮೂಡಿಗೆರೆಯ ಕ್ಲಬ್ಬಿನಲ್ಲಿ ಒಂದು ಮಣ್ಣಿನ ಟೆನಿಸ್ ಕೋರ್ಟಿತ್ತು. ಹಿಂಗಾರಿನ ಮಳೆ ದಿನ ಬಿಟ್ಟು ದಿನ ಸಂಜೆ ಹೊಡೆಯುತ್ತಿದ್ದರಿಂದ ಅದು ಗದ್ದೆಯಾಗಿತ್ತು. ನಮ್ಮವರು ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳದ ಆಚೆ ನಮ್ಮ ಕಾಫಿ ಒಣಗಿಸುವ ಕಣ ನೋಡಿದರು. ಸಿಮೆಂಟಿನ ಕಣ, ಮಾವ ಹಾಕಿಸಿದ್ದು, ಟೆನಿಸ್ ಕೋರ್ಟು ಇಟ್ಟರೂ ಸುತ್ತ ಜಾಗ ಮಿಗುವಷ್ಟು ದೊಡ್ಡದು. ಹಿಂದಿನ ಸಂಜೆ ಮಳೆ ಬಂದಿದ್ದರೂ ಅದು ಒರೆಸಿಟ್ಟ ಬಟ್ಟಲಿನ ಹಾಗೆ ಒಣಗಿತ್ತು. ಎಂಥ ಮಳೆ ಬಂದರೂ ಅರ್ಧ ಗಂಟೆಗೆ ಒಣಗುವ ಕಣ ಇಡೀ ತಾಲೂಕಿನಲ್ಲಿ ನಮ್ಮದೊಂದೇ ಎಂದು ಅವರು ಹೆಮ್ಮೆಯಿಂದ ಅತಿಥಿಗೆ ಹೇಳಿದರು. ಯಾಕೆ ಒಣಗುತ್ತದೆ ಎಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಅಷ್ಟು ಹೊತ್ತಿಗೆ ತೋಟದ ಕೆಳಗಿನ ಬ್ಲಾಕಿನಲ್ಲಿ ಹಣ್ಣು ಕೆಂಪಾಗತೊಡಗಿತ್ತು. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಮೊದಲು ಹಣ್ಣಾದದ್ದನ್ನು ಆರಿಸಿ ತರುವ ಕೊಯ್ಲು ಶುರುವಾಗಬೇಕಿತ್ತು. ಕಣ ಅದಕ್ಕೆಂದೇ ತೊಳೆದಿಟ್ಟದ್ದು. ಅತ್ತೆ ಒಂದು ರಾತ್ರಿ ಯೋಚಿಸಿ, ಒಂಬತ್ತು ದಿನ ಕಣ ಹುಡುಗನಿಗೆ ಇರಲಿ, ಹಣ್ಣನ್ನು ಮನೆ ಮುಂದೆ ಚಾಪೆಯ ಮೇಲೆ ಹರವೋಣ ಎಂದರು. ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಬಾಯಿ ತೆರೆದವನು ಮುಚ್ಚಿಕೊಂಡ. ಅತ್ತೆಯ ಷರತ್ತು ಒಂದೇ: ಕಾಫಿ ಹಾಕುವ ಜಾಗದಲ್ಲಿ ಸುಣ್ಣ ಬೀಳಬಾರದು.

ಗೋಣಿಬೀಡಿನಲ್ಲಿ ಜೀಪ್ ರಿಪೇರಿ ಮಾಡುತ್ತಿದ್ದ ಸಾಹೇಬರು ಬಂದು ಕಣದ ಅಳತೆ ತೆಗೆದುಕೊಂಡು ಹೋದರು. ಸಿಮೆಂಟು ಅಗೆಯುವ ಹಾಗಿರಲಿಲ್ಲವಲ್ಲ, ಎರಡು ಹಳೇ ಜೀಪಿನ ಚಕ್ರಗಳಿಗೆ ಕಬ್ಬಿಣದ ಕಂಬ ಬೆಸುಗೆ ಹಾಕಿ ತಂದು ನಿಲ್ಲಿಸಿದರು. ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಎರಡೂ ಚಕ್ರದ ಒಂದು ಬದಿಗೆ ತೆಳು ಕಲ್ಲು ಕೊಟ್ಟು ಕಂಬ ನೆಟ್ಟಗೆ ಮಾಡಿದರು. ಅವರ ಕೆಲಸ ಅಷ್ಟು ಅಚ್ಚುಕಟ್ಟು ಎಂದುಕೊಂಡೆ. ಬಲೆಯನ್ನು ಕ್ಲಬ್ಬಿನಿಂದ ತಂದೆವು. ಸುಣ್ಣ ಬೇಡವೆಂದ ಮೇಲೆ ಗೆರೆ ಎಳೆಯಲು ಉಳಿದದ್ದು ಅಕ್ಕಿ ಹಿಟ್ಟು, ಎಳೆಯಲು ಉಳಿದವಳು ನಾನು. ಹಬ್ಬಕ್ಕೆ ರಂಗೋಲಿ ಬಿಡಲು ಸೋಮಾರಿತನ ಮಾಡುತ್ತಿದ್ದವಳು ದಿನಾ ಬೆಳಿಗ್ಗೆ ಟೆನಿಸ್ ಕೋರ್ಟಿನ ಗೆರೆ ಬರೆದೆ. ನಮ್ಮ ಕೋಳಿಗಳು ಮಧ್ಯಾಹ್ನದೊಳಗೆ ಸರ್ವಿಸ್ ಲೈನನ್ನು ತಿಂದು ಮುಗಿಸುತ್ತಿದ್ದವು.

ಬೆಳಗಿನ ಹೊತ್ತು ನಮ್ಮವರಿಗೆ ತೋಟದ ಕೆಲಸ, ಹಾಗಾಗಿ ಚೆಂಡು ಎಸೆಯುವವಳು ನಾನು. ರ‍್ಯಾಕೆಟ್ಟು ಹಿಡಿಯಲು ಬರುತ್ತಿರಲಿಲ್ಲ, ಆದರೆ ಟೆನಿಕಾಯ್ಟ್ ಆಡಿದ ಕೈ, ಹೇಳಿದ ಕಡೆ ಚೆಂಡು ಎಸೆಯುತ್ತಿದ್ದೆ. ಅವನು ಬಲಕ್ಕೆ ಓಡಿ ಒಂದು, ಎಡಕ್ಕೆ ಓಡಿ ಒಂದು ಹೊಡೆಯುತ್ತಿದ್ದ. ಶಬ್ದಕ್ಕೆ ಸಿಲ್ವರ್ ಓಕ್ ಮರದ ಹಕ್ಕಿಗಳು ಏಳುತ್ತಿದ್ದವು. ಮೊದಲ ದಿನ ನಾನು ಗೊಣಗುತ್ತ ಹೋದೆ. ಮೂರನೆಯ ದಿನಕ್ಕೆ ಅಡುಗೆ ಕೆಲಸ ಬೇಗ ಮುಗಿಸಿ ಹೋಗತೊಡಗಿದೆ. ಒಬ್ಬ ಮನುಷ್ಯ ಒಂದೇ ಕೆಲಸವನ್ನು ನೂರು ಸಲ ಮಾಡಿ, ನೂರನೆಯ ಸಲವೂ ತಪ್ಪಿಗೆ ತನ್ನನ್ನೇ ಬೈದುಕೊಳ್ಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವನು ಗೆಲ್ಲಬೇಕು ಎಂದು ನನಗೆ ಅನ್ನಿಸತೊಡಗಿತು, ನನ್ನ ಸ್ವಂತ ತಮ್ಮನ ಪರೀಕ್ಷೆಗೆ ಅನ್ನಿಸಿದ್ದಕ್ಕಿಂತ ಹೆಚ್ಚಾಗಿ.

ಈಗ ನನ್ನ ತಪ್ಪು ಹೇಳುತ್ತೇನೆ. ಕಣದಲ್ಲಿ ನಾನು ನಿಂತದ್ದು ಯಾವಾಗಲೂ ಮನೆಯ ಕಡೆಯ ತುದಿಯಲ್ಲಿ, ಅವನು ಕೆಳಗೆ ಚರಂಡಿಯ ಕಡೆಯ ತುದಿಯಲ್ಲಿ. ಎಲ್ಲಿ ಬಿದ್ದ ಚೆಂಡೂ ನಿಧಾನಕ್ಕೆ ಉರುಳಿ, ಬಲೆಯ ಅಡಿಯಲ್ಲಿ ನುಸುಳಿ, ಅವನ ಬೆನ್ನ ಹಿಂದಿನ ಚರಂಡಿಗೆ ಹೋಗಿ ಸೇರುತ್ತಿತ್ತು. ಅವನೇ ಹೆಕ್ಕಿ ಬುಟ್ಟಿಗೆ ತುಂಬಿ ತಂದು ನನ್ನ ಪಕ್ಕ ಇಡುತ್ತಿದ್ದ. ಸೀರೆ ಉಟ್ಟುಕೊಂಡು ನಾನು ಒಂದು ಸಲವೂ ಬಗ್ಗಬೇಕಾಗಿರಲಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವನು ಬಲೆಯ ಹತ್ತಿರ ಬಂದು ತುದಿ ಬದಲಾಯಿಸೋಣವೇ ಎಂದು ಕೈಸನ್ನೆ ಮಾಡಿದ. ಅತಿಥಿಗೆ ತೊಂದರೆ ಕೊಡಬಾರದು ಎಂಬ ಮುಖ ಮಾಡಿಕೊಂಡು ಬೇಡ ಬೇಡ ಎಂದೆ. ನಿಜ ಹೇಳಬೇಕೆಂದರೆ ಸೋಮಾರಿತನ. ಸಂಜೆ ನಮ್ಮವರು ಅವನ ಜೊತೆ ಆಡುವಾಗಲೂ ಅದೇ ಕಥೆ. ಮನೆಯ ಕಡೆಯಿಂದ ಆಡಿದರೆ ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದು ಅತಿಥಿಯ ಪಾಲಿಗೆ ಬರಬಾರದೆಂದು ಇವರು ಹಠ ಹಿಡಿದು ತಾವೇ ಆ ತುದಿಯಲ್ಲಿ ನಿಂತರು. ಅವನು ಎರಡು ಸಲ ಕೇಳಿ ಆಮೇಲೆ ಬಿಟ್ಟ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ದಿನಾ ಬೆಳಕು ಹರಿಯುವ ಹೊತ್ತಿಗೆ, ನಾನು ಒಲೆ ಹಚ್ಚುವಾಗ, ಕಣದ ಕಡೆಯಿಂದ ಟಪ್ ಟಪ್ ಎಂದು ಚೆಂಡಿನ ಸದ್ದು ಬರುತ್ತಿತ್ತು. ಹುಡುಗನಿಗೆ ಚಿಂತೆಗೆ ನಿದ್ದೆ ಬರುವುದಿಲ್ಲ ಎಂದು ಅತ್ತೆ ಮರುಗುತ್ತಿದ್ದರು. ನಾನು ಗೆರೆ ಬರೆಯಲು ಹೋದಾಗ ಮನೆಯ ಕಡೆಯ ತುದಿಯ ಗೆರೆ ಮಾತ್ರ ಪೂರ್ತಿ ಅಳಿಸಿಹೋಗಿರುತ್ತಿತ್ತು. ಅದನ್ನೂ ಕೋಳಿಗಳ ತಲೆಗೇ ಕಟ್ಟಿದೆ.

ಒಂಬತ್ತು ದಿನ ಮುಗಿಯಿತು. ಹೊರಡುವ ದಿನ ಅವನು ಅತ್ತೆಯನ್ನು ತಬ್ಬಿಕೊಂಡ. ಅವರನ್ನು ಹಾಗೆ ಯಾರೂ ತಬ್ಬಿದವರಿರಲಿಲ್ಲವೆಂದು ಕಾಣುತ್ತದೆ, ಕಂಬದ ಹಾಗೆ ನಿಂತಿದ್ದರು. ಆಮೇಲೆ ಅವನ ಕೈಗೆ ತುಪ್ಪದ ಡಬ್ಬಿ ಕೊಟ್ಟು, “ಹೆದರ್ಬೇಡ ಮಗಾ, ನಿಧಾನ ಆಡು,” ಎಂದರು. ಅವನು ಗಂಭೀರವಾಗಿ ‘ಸಾಕು’ ಎಂದ. ಅವನಿಗೆ ಬರುತ್ತಿದ್ದ ಮಾತು ಅದೊಂದೇ. ನಮ್ಮವರು ಹಾಸನದವರೆಗೆ ಹೋಗಿ ರೈಲು ಹತ್ತಿಸಿ ಬಂದರು.

ಅದಾದ ಎರಡು ದಿನಕ್ಕೆ ಮಳೆ ನಿಂತು ಕ್ಲಬ್ಬಿನ ಕೋರ್ಟು ಒಣಗಿತು, ನಮ್ಮವರು ಆಡಲು ಹೋದರು. ಒಂದು ಗಂಟೆಯೊಳಗೆ ಮುಖ ಗಂಟು ಹಾಕಿಕೊಂಡು ವಾಪಸು ಬಂದರು.

“ಎಂತ ಆಯ್ತು?” ಎಂದೆ.

“ಎಲ್ಲಾ ಬಲೆಗೇ ಹೋಗ್ತದೆ ಮಾರಾಯ್ತಿ. ಒಂದಾದ್ರೂ ಆಚೆ ದಾಟ್ಬೇಕಲ್ಲ. ಒಂಬತ್ತು ದಿನ ಅಷ್ಟು ಚೆನ್ನಾಗಿ ಆಡಿದವ ನಾನು.”

ಅವರು ಒಳಗೆ ಹೋದರು. ನಾನು ಅಲ್ಲೇ ನಿಂತೆ. ಅಂಗಳದಾಚೆ ಕಣದಲ್ಲಿ ಆಳುಗಳು ಚಾಪೆಯ ಹಣ್ಣನ್ನು ತಂದು ಸುರಿಯುತ್ತಿದ್ದರು. ರಾಶಿಯಿಂದ ಜಾರಿದ ಹಣ್ಣುಗಳು ಒಂದೊಂದಾಗಿ ಕೆಳಗಿನ ಚರಂಡಿಯ ಕಡೆಗೆ ಉರುಳುತ್ತಿದ್ದವು. ಮೇಸ್ತ್ರಿಯನ್ನು ಕರೆದು ಈ ಕಣ ಇಳಿಜಾರಾ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿದ.

“ಇಳಿಜಾರಿಲ್ದೆ ಕಣ ಮಾಡ್ತಾರಾ ಅಮ್ಮ? ನೀರು ನಿಂತ್ರೆ ಕಾಫಿ ಕೊಳೆಯಲ್ವಾ? ಆ ತುದಿಗೂ ಈ ತುದಿಗೂ ಒಂದೂವರೆ ಅಡಿ ಇದೆ.”

ಗೊತ್ತಿಲ್ಲದ ವಿಷಯವೇ? ನಾಲ್ಕು ವರ್ಷ ಅದೇ ಕಣ ತೊಳೆಸಿದ್ದೇನೆ, ನೀರು ಎತ್ತ ಹರಿಯುತ್ತದೆಂದು ಕಣ್ಣು ಕಟ್ಟಿದರೂ ಹೇಳುತ್ತಿದ್ದೆ. ಕಾಫಿಗೆ ಅದು ಇಳಿಜಾರು ಎಂದು ನಮಗೆಲ್ಲರಿಗೂ ಗೊತ್ತಿತ್ತು. ಟೆನಿಸ್ಸಿಗೂ ಅದು ಇಳಿಜಾರೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸಾಹೇಬರ ತೆಳು ಕಲ್ಲು ಆಗ ನೆನಪಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಮೇಲಿನಿಂದ ಕೆಳಕ್ಕೆ ಹೊಡೆದು ಹೊಡೆದು ನಮ್ಮವರಿಗೆ ಚೆಂಡು ತಗ್ಗಿಸುವ ಅಭ್ಯಾಸವಾಗಿತ್ತು. ಸಮತಟ್ಟಿನಲ್ಲಿ ಅದು ಬಲೆಗೆ ಬಡಿಯಿತು. ಅವರದಾದರೋ ಸಂಜೆ ಒಂದು ಗಂಟೆಯ ಆಟ, ಸೋತರೆ ಒಂದು ಕಾಫಿ ಕುಡಿದು ಬರುತ್ತಾರೆ. ಆ ಹುಡುಗ ಬೆಳಿಗ್ಗೆಯೂ ಸಂಜೆಯೂ ಒಂಬತ್ತು ದಿನ ತಗ್ಗಿನಿಂದ ಏರಿಗೆ ಹೊಡೆದಿದ್ದ. ಮದ್ರಾಸಿನಲ್ಲಿ ಹಾಗೆಯೇ ಎತ್ತಿ ಹೊಡೆದರೆ ಪ್ರತಿ ಚೆಂಡೂ ಗೆರೆಯಾಚೆ ಬೀಳುತ್ತದೆ. ಗೆದ್ದರೆ ಆಟ, ಸೋತರೆ ಶೂ ಅಂಗಡಿ. ಅವನು ತುದಿ ಬದಲಾಯಿಸೋಣ ಎಂದು ಕೇಳಿದ್ದ. ಬಗ್ಗಲು ಬೇಸರವೆಂದು ನಾನು ಬೇಡ ಎಂದಿದ್ದೆ. ನನಗೆ ಅವತ್ತು ಅನ್ನ ಇಳಿಯಲಿಲ್ಲ.

ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಅವರು ಚಾಪೆಯ ಮೇಲೆ ಹಾಕಿಸಿದ ಹಣ್ಣಿನಲ್ಲಿ ಒಂದು ಪಾಲು ಬೂಸ್ಟು ಹಿಡಿದು ಕಪ್ಪಾಗಿತ್ತು. ಅದನ್ನು ಯಾರಿಗೂ ಹೇಳದೆ ತಾವೇ ಬೇರೆ ಮಾಡಿ ಗೊಬ್ಬರದ ಗುಂಡಿಗೆ ಹಾಕಿಸಿದ್ದನ್ನು ನಾನು ನೋಡಿದ್ದೆ. ಅಷ್ಟು ಕಳೆದುಕೊಂಡವರಿಗೆ, ನಾವು ಅವನಿಗೆ ಉಪಕಾರ ಮಾಡಲಿಲ್ಲ, ಅವನ ಕೈ ಕೆಡಿಸಿ ಕಳಿಸಿದೆವು ಎಂದು ಹೇಗೆ ಹೇಳುವುದು? ನಮ್ಮವರಿಗೆ ಹೇಳಿದರೆ ಅವರ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ.

ಮರುದಿನ ರವಿಕೆಗೆ ದಾರ ಬೇಕೆಂದು ಹೇಳಿ ಬಸ್ಸು ಹತ್ತಿ ಗೋಣಿಬೀಡಿಗೆ ಹೋದೆ. ಅಂಚೆ ಕಚೇರಿಯಲ್ಲಿ ತಂತಿಯ ಫಾರ್ಮು ಕೇಳಿ ಇಂಗ್ಲಿಷಿನಲ್ಲಿ ಬರೆದೆ. ‘ನಮ್ಮ ಕಣ ಇಳಿಜಾರು. ನೀವು ನಿಂತದ್ದು ತಗ್ಗಿನಲ್ಲಿ. ಚೆಂಡು ತಗ್ಗಿಸಿ ಹೊಡೆಯಿರಿ. ಕ್ಷಮಿಸಿ.’ ವಿಳಾಸ ಮದ್ರಾಸಿನಲ್ಲಿ ಪಂದ್ಯ ನಡೆಯುವ ಜಾಗದ್ದು. ಪೋಸ್ಟ್ ಮಾಸ್ಟರು ಕನ್ನಡಕ ಏರಿಸಿ ಎರಡು ಸಲ ಓದಿದರು. ನಮ್ಮ ಮನೆತನ ಗೊತ್ತಿದ್ದವರು. ಸಾವಿಗೆ, ಹೆರಿಗೆಗೆ ತಂತಿ ಕೊಡುವುದನ್ನು ಕಂಡಿದ್ದೇನೆ, ಕಣ ಇಳಿಜಾರೆಂದು ವಿದೇಶದವರಿಗೆ ತಂತಿ ಕೊಡುವುದನ್ನು ಇದೇ ಮೊದಲು ಕಾಣುತ್ತಿರುವುದು ಎಂದರು. ತುರ್ತಿನ ವಿಷಯ ಎಂದೆ. ನನ್ನ ಮುಖ ನೋಡಿ ಅವರು ಮತ್ತೆ ಏನೂ ಕೇಳದೆ ಕಳಿಸಿದರು. ಗಡಿಬಿಡಿಯಲ್ಲಿ ದಾರ ಕೊಳ್ಳುವುದು ಮರೆತು ಬರಿಗೈಯಲ್ಲಿ ಮನೆಗೆ ಬಂದೆ.

ಆಮೇಲೆ ಪೇಪರಿಗೆ ಕಾಯುವ ಕೆಲಸ. ಇಂಗ್ಲಿಷ್ ಪೇಪರು ನಮಗೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು, ಕಂಡಕ್ಟರು ನಮ್ಮ ಗೇಟಿನ ಹತ್ತಿರ ಎಸೆದು ಹೋಗುತ್ತಿದ್ದ. ಮುಖ್ಯ ಸುತ್ತು ಶುರುವಾಗುವುದು ಸೋಮವಾರ. ಮಂಗಳವಾರದ ಪೇಪರನ್ನು ಗೇಟಿನಲ್ಲೇ ಬಿಡಿಸಿದೆ. ಮದ್ರಾಸಿನಲ್ಲಿ ಮಳೆ, ಆಟ ನಡೆಯಲಿಲ್ಲ ಎಂದಿತ್ತು. ಬುಧವಾರ ಕೆಲವು ಪಂದ್ಯಗಳಷ್ಟೇ ಮುಗಿದಿದ್ದವು, ಅವನದಿರಲಿಲ್ಲ. ನಾನು ಆಟದ ಪುಟ ಓದುವುದನ್ನು ನೋಡಿ ನಮ್ಮವರಿಗೆ ಆಶ್ಚರ್ಯ. ಹುಡುಗ ಗೆದ್ದೇ ಗೆಲ್ಲುತ್ತಾನೆ, ನಮ್ಮ ಕಣದಲ್ಲಿ ಆಡಿದವನು ಎಂದು ಅವರು ಧೈರ್ಯ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ.

ಗುರುವಾರ ಬಸ್ಸು ತಡ. ಗೇಟಿನ ಕಲ್ಲಿನ ಮೇಲೆ ಕೂತಿದ್ದೆ. ಬಂದ ಪೇಪರಿನ ಕೊನೆಯ ಪುಟದ ಕೆಳಗೆ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ, ಅವನ ಹೆಸರಿತ್ತು. ಪಕ್ಕದಲ್ಲಿ ಮೂರು ಸೆಟ್ಟಿನ ಅಂಕಿ. ಒಂದು–ಆರು, ಏಳು–ಐದು, ಆರು–ನಾಲ್ಕು. ಟೆನಿಸ್ ಅಂಕಿಯಲ್ಲಿ ಗೆದ್ದವರ ಹೆಸರು ಮೊದಲು ಬರುತ್ತದೆ ಎಂದು ನನಗೆ ಗೊತ್ತಿತ್ತು, ಆದರೂ ನಂಬಿಕೆ ಬಾರದೆ ಮೂರು ಸಲ ಓದಿದೆ. ಗೆದ್ದಿದ್ದ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಯಾರೂ ಇರಲಿಲ್ಲ, ನಾಚಿಕೆಯೂ ಆಗಲಿಲ್ಲ. ಆರು ದಿನದಿಂದ ಎದೆಯ ಮೇಲೆ ಕೂತಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಮನೆಗೆ ಹೋಗಿ ನಾಲ್ಕು ಅಕ್ಕಿ ರೊಟ್ಟಿ ತಿಂದೆ.

ಅತ್ತೆಗೆ ಸುದ್ದಿ ಹೇಳಿದಾಗ ಅವರು ತಲೆಯಾಡಿಸಿದರು, ಅಷ್ಟೆ. ಆದರೆ ಸಂಜೆ ಕಣದ ಹತ್ತಿರ ಹೋಗಿ ಒಂದಷ್ಟು ಹೊತ್ತು ನಿಂತು ಬಂದರು. ನಮ್ಮವರಂತೂ ಒಂದು ತಿಂಗಳು ಕ್ಲಬ್ಬಿನಲ್ಲಿ ಕಣದ ಮಹಿಮೆ ಕೊಚ್ಚಿಕೊಂಡರು. ಮುಂದಿನ ಸುತ್ತಿನಲ್ಲಿ ಅವನು ಸೋತ ಸುದ್ದಿಯೂ ಬಂತು, ಅದು ಯಾರಿಗೂ ದೊಡ್ಡದೆನಿಸಲಿಲ್ಲ. ಒಂದು ಗೆಲುವು ಬೇಕಿತ್ತು, ಸಿಕ್ಕಿತ್ತು.

ಆದರೂ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿಯಿತು. ಆ ಒಂದು–ಆರು. ಆ ಸೆಟ್ಟು ನನ್ನದು ಎಂದು ನನಗೆ ಖಾತ್ರಿಯಿತ್ತು. ಅಷ್ಟೂ ಚೆಂಡು ಗೆರೆಯಾಚೆ ಹೋಗಿರಬೇಕು, ಅಷ್ಟರಲ್ಲಿ ನನ್ನ ತಂತಿ ಸಿಕ್ಕಿರಬೇಕು, ಆಮೇಲೆ ತಗ್ಗಿಸಿ ಹೊಡೆದಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಟದ ನಡುವೆ ತಂತಿ ತಂದು ಕೊಡುವವರು ಯಾರು ಎಂದು ಮರುಕ್ಷಣ ನಾನೇ ಕೇಳಿಕೊಳ್ಳುತ್ತಿದ್ದೆ. ಮೊದಲ ಎರಡು ವರ್ಷ ಹೊಸ ವರ್ಷಕ್ಕೆ ಅವನಿಂದ ಕಾರ್ಡು ಬಂತು, ಆಡುತ್ತಿದ್ದೇನೆ ಎಂದಷ್ಟೇ ಇತ್ತು. ಆಮೇಲೆ ಅದೂ ನಿಂತಿತು. ಪ್ರತಿ ವರ್ಷ ಕೊಯ್ಲಿಗೆ ಕಣ ತೊಳೆಸಿ ನೀರು ಕೆಳಗೆ ಹರಿಯುವುದನ್ನು ನೋಡುವಾಗ ಆ ಮುಳ್ಳು ಒಮ್ಮೆ ಚುಚ್ಚುತ್ತಿತ್ತು.

ಆರು ವರ್ಷದ ಮೇಲೆ, ಎಂಬತ್ತರ ದಶಕದ ನಡುವೆ, ಒಂದು ದಪ್ಪ ಕಾಗದ ಬಂತು. ಅವನ ಇಂಗ್ಲಿಷ್ ಈಗ ಸುಧಾರಿಸಿತ್ತು. ಆಟ ನಿಲ್ಲಿಸಿದ್ದೇನೆ ಎಂದು ಬರೆದಿದ್ದ. ಮದ್ರಾಸಿನ ಆ ಗೆಲುವಿನ ಮೇಲೆ ಇನ್ನೂ ಐದು ವರ್ಷ ಆಡಿದೆ, ಹಲವು ಗೆದ್ದೆ, ಹೆಚ್ಚು ಸೋತೆ, ದೊಡ್ಡ ಹೆಸರು ಬರಲಿಲ್ಲ. ಮೊಣಕಾಲು ಸಾಕು ಎಂದಿತು. ನಿಲ್ಲಿಸಿದ ದಿನ ಅಳು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ನಿದ್ದೆ. ಈಗ ಬೆಳಿಗ್ಗೆ ಅಂಗಡಿ, ಸಂಜೆ ಮಕ್ಕಳಿಗೆ ಟೆನಿಸ್ ಕಲಿಸುತ್ತೇನೆ. ಹೀಗೆ ಒಂದು ಪುಟ.

ಎರಡನೆಯ ಪುಟದಲ್ಲಿ ತಂತಿಯ ವಿಷಯವಿತ್ತು. ನಿಮ್ಮ ತಂತಿ ನನಗೆ ಸಿಕ್ಕಿದ್ದು ಎರಡನೆಯ ಪಂದ್ಯದ ಬೆಳಿಗ್ಗೆ, ಅಲ್ಲಿಯ ಆಫೀಸಿನಲ್ಲಿ ನಾಲ್ಕೈದು ದಿನ ಬಿದ್ದಿತ್ತು ಎಂದು ಬರೆದಿದ್ದ. ಓದಿ ಎಷ್ಟು ನಕ್ಕೆನೆಂದರೆ ನಗುತ್ತಲೇ ಆಡಲು ಹೋದೆ, ನಗುತ್ತಲೇ ಸೋತೆ. ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನೀವು ಯಾಕೆ ಕ್ಷಮೆ ಕೇಳಿದಿರಿ? ಕಣ ಇಳಿಜಾರೆಂದು ನನಗೆ ಮೊದಲ ಚೆಂಡಿಗೇ ಗೊತ್ತಾಗಿತ್ತು. ಅದಕ್ಕೇ ದಿನಾ ಬೆಳಕಾಗುವ ಹೊತ್ತಿಗೆ ಎದ್ದು, ನಿಮ್ಮ ತುದಿಯಲ್ಲಿ ನಿಂತು, ಹಿಂದಿನ ದಿನ ಕೆಳಗಿನಿಂದ ಹೊಡೆದಷ್ಟನ್ನೂ ಮೇಲಿನಿಂದ ಒಬ್ಬನೇ ಹೊಡೆಯುತ್ತಿದ್ದೆ. ನಿಮ್ಮ ಗೆರೆಯನ್ನು ದಿನವೂ ಅಳಿಸಿದವನು ನಾನು. ಮದ್ರಾಸಿನ ಮೊದಲ ಸೆಟ್ ಸೋತದ್ದು ಭಯಕ್ಕೆ, ಯಾವಾಗಲೂ ಹಾಗೇ ಸೋಲುತ್ತಿದ್ದೆ. ಎರಡನೆಯದರಲ್ಲಿ, ನಾನು ಹೊರಡುವಾಗ ನಿಮ್ಮ ಮನೆಯ ಅಮ್ಮ ಹೇಳಿದ್ದು ನೆನಪಾಯಿತು. ಏನು ಹೇಳಿದರೆಂದು ಅರ್ಥವಾಗಿರಲಿಲ್ಲ, ಆದರೆ ಹೇಳಿದ ರೀತಿ ಅರ್ಥವಾಗಿತ್ತು.

ಟಪ್ ಟಪ್ ಸದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಆರು ವರ್ಷ ಸುಮ್ಮನೆ ಬೈಸಿಕೊಂಡ ಕೋಳಿಗಳು ನೆನಪಾದವು. ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು. ಆ ಒಂದು–ಆರು ನನ್ನದಾಗಿರಲಿಲ್ಲ.

ಸಂಜೆ ಅತ್ತೆಯ ಪಕ್ಕ ಕೂತು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆ. ಇಳಿಜಾರಿನ ವಿಷಯ, ತಂತಿಯ ವಿಷಯ, ದಾರದ ಸುಳ್ಳು, ಎಲ್ಲ ಆಗಲೇ ಹೊರಗೆ ಬಂತು. ಇಷ್ಟು ವರ್ಷ ತಮಗೆ ಹೇಳಲಿಲ್ಲವೆಂದು ನಮ್ಮವರು ಮುಖ ಊದಿಸಿಕೊಂಡು ಕೂತರು. ಅತ್ತೆ ಅದಾವುದಕ್ಕೂ ಕಿವಿಗೊಡಲಿಲ್ಲ.

“ಗೊತ್ತಿದ್ದೂ ಎಂತಕ್ಕೆ ಹೇಳ್ಲಿಲ್ಲ ಅವ?”

ಅದೂ ಕಾಗದದಲ್ಲಿತ್ತು. ನಾನು ಓದಿದೆ. ‘ಅಮ್ಮ ದಿನಾ ಚಾಪೆಯ ಮೇಲಿನ ಹಣ್ಣನ್ನು ಬಗ್ಗಿ ಬಗ್ಗಿ ತಿರುವಿ ಹಾಕುವುದನ್ನು ನೋಡುತ್ತಿದ್ದೆ. ಒಂದು ದಿನ ಕಪ್ಪಾದ ಹಣ್ಣನ್ನು ಮರೆಯಾಗಿ ಹೊರಗೆ ಸಾಗಿಸಿದ್ದನ್ನೂ ನೋಡಿದೆ. ನನಗಾಗಿ ಅಷ್ಟು ಮಾಡಿದವರಿಗೆ, ನಿಮ್ಮ ಕಣ ಸಮವಿಲ್ಲ ಎಂದು ನಾನು ಹೇಗೆ ಹೇಳಲಿ?’

ಅತ್ತೆಗೆ ಆಗ ವಯಸ್ಸಾಗಿತ್ತು, ಚಾಪೆಯ ಮೇಲಿನದಿರಲಿ, ತಟ್ಟೆಯ ಮೇಲಿನದನ್ನು ತಿರುವಿ ಹಾಕಲೂ ಬಗ್ಗಲಾಗುತ್ತಿರಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಉತ್ತರ ಬರೀತೀಯಲ್ಲ, ಒಂದು ಮಾತು ಸೇರ್ಸು,” ಎಂದರು. “ಮುಂದಿನ ಸಲ ಬಂದ್ರೆ ಮೇಲಿನ ತುದಿ ಅವನಿಗೇ ಅಂತ ಬರಿ.”